ಎಣ್ಣೆಗೊಂದು ವಿಳಾಸ

"ಇವತ್ತಿಗೆ ಈ ಮನೇಲಿ ಸೋರೆಕಾಯಿ ರಾಜ್ಯ ಮುಗೀತು," ಎಂದು ಘೋಷಿಸಿ ಕೊಟ್ರೇಶ ಮಾಮ ಯಂತ್ರದ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಜೋರಾಗಿ ಎಳೆದರು. ಬೆಡ್‌ಶೀಟು ಯಾವುದೋ ಮೊಳೆಗೆ ಸಿಕ್ಕಿ ಅರ್ಧಕ್ಕೆ ಹರಿಯಿತು.

"ಅದು ನನ್ನ ತವರಿಂದು," ಎಂದರು ಹಾಲಮ್ಮತ್ತೆ.

"ವಿಜ್ಞಾನಕ್ಕೆ ಸ್ವಲ್ಪ ತ್ಯಾಗ ಬೇಕು."

"ಪ್ರತಿ ಸಲವೂ ನನ್ನ ತವರೇ ಯಾಕೆ ತ್ಯಾಗ ಮಾಡ್ಬೇಕು?"

ಮಾಮ ನನ್ನ ಅವ್ವನ ತಮ್ಮ. ದಾವಣಗೆರೆಯ ಒಂದು ಲ್ಯಾಬಿನಲ್ಲಿ ಊರಿನವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿ ನಿವೃತ್ತರಾದವರು. ನಿವೃತ್ತರಾಗುವ ದಿನ ಸುಮ್ಮನಿರಲಾರದೆ ತಮ್ಮದನ್ನೂ ಪರೀಕ್ಷೆ ಮಾಡಿಕೊಂಡು ಸಿಕ್ಕಿಬಿದ್ದರು. ರಿಪೋರ್ಟು ನೋಡಿದ ಡಾಕ್ಟರ್ ರೇವಣಸಿದ್ದಯ್ಯನವರು ಎಣ್ಣೆ ಕಡಿಮೆ ಮಾಡಿ ಎಂದರಂತೆ. ನಮ್ಮತ್ತೆ ಕಡಿಮೆ ಮಾಡುವ ಹೆಂಗಸಲ್ಲ, ನಿಲ್ಲಿಸುವ ಹೆಂಗಸು. ಅಂದು ಸಂಜೆಯೇ ಬಾಣಲೆ ಅಟ್ಟ ಸೇರಿತು. ಕಡಲೆಹಿಟ್ಟಿನ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿಯಾಯಿತು. ನಮ್ಮೂರಿನಲ್ಲಿ ಸಂಜೆಯಾಗುವುದು ಸೂರ್ಯ ಮುಳುಗುವುದರಿಂದಲ್ಲ, ಮಿರ್ಚಿ ಬಜ್ಜಿ ಕರಿಯುವ ವಾಸನೆಯಿಂದ. ಊರಿಗೆಲ್ಲ ಸಂಜೆಯಾಗುತ್ತಿದ್ದಾಗ ನಮ್ಮ ಮನೆಯಲ್ಲಿ ಮಾತ್ರ ಸೋರೆಕಾಯಿ ಬೇಯುತ್ತಿತ್ತು.

ಮಾಮನ ರಕ್ತದಲ್ಲಿ ಕೊಬ್ಬು ಹೆಚ್ಚಾದರೆ ನನಗೆ ಯಾಕೆ ಸೋರೆಕಾಯಿ ಎಂದು ಕೇಳಬಹುದಿತ್ತು. ಆದರೆ ಕೇಳಲು ಬಾಯಿ ತೆರೆಯಬೇಕು. ಬಾಯಿ ತೆರೆಯುವ ವಿದ್ಯೆ ನನಗೆ ಬರುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ನಾನು ದಿನವೂ 'ಹಾಜರ್' ಎನ್ನುತ್ತಿದ್ದೆ. ಅದು ನನಗೊಬ್ಬಳಿಗೇ ಕೇಳುತ್ತಿತ್ತು. ಒಂದು ದಿನವೂ ತಪ್ಪಿಸದೆ ಹೋದ ನನ್ನನ್ನು ಹಾಜರಿ ಸಾಲದೆಂದು ಎಂಟನೇ ತರಗತಿಯ ಪರೀಕ್ಷೆಗೆ ಕೂರಿಸಲಿಲ್ಲ. ನಾನು ಬಂದಿದ್ದೆ ಎಂದು ಹೇಳಲು ಹೋದೆ, ಅದೂ ಕೇಳಲಿಲ್ಲ. ಹಾಗೆ ಓದು ಬಿಟ್ಟು ಮಾಮನ ಮನೆ ಸೇರಿದವಳು ನಾನು, ಕರಿಬಸಮ್ಮ. ಮೂಲೆಯಲ್ಲಿ ನಿಂತು ಎಲ್ಲವನ್ನೂ ಗಮನಿಸುವುದು ನನ್ನ ಕೆಲಸ. ಗಮನಿಸಿದ್ದು ಅರ್ಥವಾಗುವುದು ಬೇರೆ ಕೆಲಸ, ಅದನ್ನು ನನಗೆ ಯಾರೂ ಒಪ್ಪಿಸಿಲ್ಲ.

ಯಂತ್ರ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ನಮ್ಮದೇ ಹಳೆಯ ಕೂಲರ್ರು. ಬೇಸಿಗೆಯಲ್ಲಿ ಒದ್ದೆ ಗಾಳಿ ಬಿಡುತ್ತಿದ್ದ ಆ ಡಬ್ಬದ ಬೆನ್ನಿಗೆ ಮಾಮ ಲ್ಯಾಬಿನವರು ಬಿಸಾಡಿದ ಒಂದು ತಿರುಗುವ ಮಿಷನ್ನು ಕಟ್ಟಿದ್ದರು. ನೆತ್ತಿಯ ಮೇಲೆ ಗ್ಲೂಕೋಸು ಬಾಟಲಿ ತೂಗುತ್ತಿತ್ತು. ಪಕ್ಕದಲ್ಲಿ ಮುಚ್ಚಳ ಹಾಕಿದ ಸ್ಟೀಲಿನ ಡ್ರಮ್ಮು. ಮುಚ್ಚಳದ ನಡುವೆ ಒಂದು ನೀಲಿ ಬಿಲ್ಲೆ.

"ಹಾಲಮ್ಮ, ರಕ್ತ ಅಂದ್ರೆ ಏನು?" ಎಂದು ಮಾಮ ಪಾಠ ಶುರು ಮಾಡಿದರು.

"ನಿಮ್ಮ ಜತೆ ಬಾಳಿ ನಂದು ಸುಟ್ಟುಹೋಯ್ತಲ್ಲ, ಅದು."

"ಹೆಚ್ಚುಕಡಿಮೆ ನೀರು. ಎಣ್ಣೆ ನೀರಾಗೆ ಕರಗ್ತೈತೇನು?"

"ಪಾತ್ರೆ ತೊಳೆಯೋಳು ಬಸಮ್ಮ. ಅವಳನ್ನ ಕೇಳ್ರಿ."

ನಾನು ಇಲ್ಲವೆಂದು ತಲೆಯಾಡಿಸಿದೆ.

"ಮತ್ತೆ ತಿಂದ ಮಿರ್ಚಿ ಎಣ್ಣೆ ರಕ್ತದಾಗೆ ಹೆಂಗೆ ಓಡಾಡ್ತೈತೆ? ಅದಕ್ಕೆ ದೇಹ ಗಾಡಿ ಮಾಡ್ಕೊಂಡೈತೆ. ಲಿಪೊಪ್ರೋಟೀನು ಅಂತಾರೆ. ಒಳಗೆ ಕೊಬ್ಬು, ಕೊಲೆಸ್ಟ್ರಾಲು. ಹೊರಗೊಂದು ಅಂಗಿ. ಅಂಗಿ ಒಳಮೈಗೆ ಎಣ್ಣೆ ಇಷ್ಟ, ಹೊರಮೈಗೆ ನೀರು ಇಷ್ಟ. ಹಂಗಾಗಿ ನೀರಾಗೂ ಆರಾಮಾಗಿ ಹೋಗ್ತೈತೆ. ಅಂಗಿ ಮೇಲೆ ಪ್ರೋಟೀನಿಂದೊಂದು ಬೋರ್ಡು, ಯಾವ ಕಡೆ ಹೋಗ್ಬೇಕು ಅಂತ."

"ಬಸ್ಸಿನ ಬೋರ್ಡಿದ್ದಂಗೆ."

"ಬಸ್ಸಿದ್ದಂಗೇ. ಕರುಳಿಂದ ಹೊರಡೋದು ದೊಡ್ಡ ಗಾಡಿ. ಲಿವರ್ರು ಬಸ್ ಸ್ಟ್ಯಾಂಡು. ಅಲ್ಲಿಂದ ಹೊರಡೋದು ಹಂಚೋ ಗಾಡಿ. ಮನೆಮನೆ ಬಾಗಿಲಿಗೆ ಹೋಗಿ ಕೊಲೆಸ್ಟ್ರಾಲು ಬೇಕಾ ಅಂತ ಕೇಳ್ತೈತೆ. ಬೇಕಾದೋರು ಬಾಗಿಲು ತೆಗೀತಾರೆ, ಸಾಕಾದೋರು ಹಾಕ್ಕೊಂತಾರೆ. ಎಲ್ರೂ ಹಾಕ್ಕೊಂಡ್ರೆ ಅವು ಬೀದಿ ಅಲೆದು ಅಲೆದು ಗೋಡೆಗೆ ಅಂಟ್ಕಂತಾವೆ. ನಂದು ಆಗಿರೋದೇ ಅದು. ಇನ್ನೊಂದು ಎತ್ತೋ ಗಾಡಿ. ಅಲ್ಲಲ್ಲಿ ಉಳಿದಿದ್ದು ಎತ್ಕೊಂಡು ವಾಪಸ್ ಲಿವರ್ರಿಗೆ ತರ್ತೈತೆ. ಜನ ಒಳ್ಳೆ ಕೊಲೆಸ್ಟ್ರಾಲು, ಕೆಟ್ಟ ಕೊಲೆಸ್ಟ್ರಾಲು ಅಂತ ಬಡ್ಕಂತಾರೆ. ಕೊಲೆಸ್ಟ್ರಾಲು ಒಂದೇ. ಗಾಡಿ ಬೇರೆ."

"ಅಂದ್ರೆ ನೀವು ಕಸದ ಗಾಡಿ ಮಾಡೀರಿ."

"ಎತ್ತೋ ಗಾಡಿ," ಎಂದು ಮಾಮ ತಿದ್ದಿದರು. "ಕೂಲರ್ರಿನ ಒದ್ದೆ ಗಾಳೀಲಿ ತೇಲೋ ಗಾಡಿ. ಮಿರ್ಚಿ ಮೇಲಿನ ಎಣ್ಣೆ ನಾನು ತಿನ್ನೋಕೆ ಮುಂಚೇನೇ ಎತ್ಕೊಂಡು ಈ ಡ್ರಮ್ಮಿಗೆ ತಂದು ಹಾಕ್ತೈತೆ. ಈ ನೀಲಿ ಬಿಲ್ಲೆ ಮನೆ ವಿಳಾಸ. ಸ್ವಿಚ್ ಹಾಕಿದ ಕೂಡ್ಲೇ ಗಾಡಿ ಮುಚ್ಚಳ ಮುಟ್ಟಿ ನೋಡ್ತಾವೆ. ಮುಚ್ಚಳದ ಮೇಲೆ ಏನೈತೋ ಅದೇ ಮನೆ ಅಂತ ಕಲೀತಾವೆ. ಆಮೇಲೆ ಮರೆಯಲ್ಲ."

ಆಮೇಲೆ ಗಂಡ ಹೆಂಡತಿಯ ನಡುವೆ ಒಪ್ಪಂದವಾಯಿತು. ಯಂತ್ರ ಗೆದ್ದರೆ ಬಾಣಲೆ ಅಟ್ಟದಿಂದ ಇಳಿಯಬೇಕು. ಸೋತರೆ ಯಂತ್ರ ಗುಜರಿಗೆ, ಮಾಮ ಬದುಕಿರುವ ತನಕ ಮಿರ್ಚಿಯ ಹೆಸರೆತ್ತುವಂತಿಲ್ಲ.

"ಬಸಮ್ಮ, ನೀನೇ ಸಾಕ್ಷಿ," ಎಂದರು ಇಬ್ಬರೂ.

ಇಡೀ ಓಣಿಯಲ್ಲಿ ಮಾತಾಡದ ಸಾಕ್ಷಿಯೊಬ್ಬಳೇ ಇದ್ದದ್ದು, ಅವಳನ್ನೇ ಆರಿಸಿದರು. ನಾನು ಇಬ್ಬರಿಗೂ ತಲೆಯಾಡಿಸಿದೆ. ಒಳಗೊಳಗೆ ಮಾತ್ರ ಮಾಮನ ಕಡೆಗಿದ್ದೆ. ದುರುಗಪ್ಪನ ಅಂಗಡಿಯಿಂದ ಪ್ರಯೋಗಕ್ಕೆಂದು ತಂದಿಟ್ಟಿದ್ದ ಮಿರ್ಚಿಯ ವಾಸನೆಗೆ ನನ್ನ ನ್ಯಾಯಬುದ್ಧಿ ಆಗಲೇ ಕರಗಿಹೋಗಿತ್ತು.

ಮಾಮ ಸ್ವಿಚ್ಚಿಗೆ ಕೈಹಾಕಿದರು. ಅತ್ತೆ ಆ ಕೈ ಹಿಡಿದರು.

"ಶುಕ್ರವಾರ. ಪೂಜೆ ಮಾಡದೆ ಚಾಲೂ ಮಾಡ್ತೀರಾ?"

"ಇದು ವಿಜ್ಞಾನ ಹಾಲಮ್ಮ."

"ನಿಮ್ಮ ಸ್ಕೂಟರ್ರೂ ವಿಜ್ಞಾನವೇ. ಪೂಜೆ ಮಾಡದೆ ಹತ್ತಿದ್ದು ಒಂದೇ ಸಲ. ಎಲ್ಲಿ ಹೋಗಿ ಬಿದ್ರಿ?"

"ಆ ಗಟಾರ ಮೊದಲೇ ಬಾಯಿ ತೆಕ್ಕೊಂಡಿತ್ತು." ಮಾಮ ಕೈ ಹಿಂದಕ್ಕೆ ತೆಗೆದರು. "ಬೇಗ ಮಾಡ್ರಿ. ಕಾಯಿ ನಾನೇ ಒಡೀತೀನಿ."

ಅತ್ತೆ ಊದಿನಕಡ್ಡಿ ಹಚ್ಚಿದರು. ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚುವ ಕೆಲಸ ನನಗೆ ಬಂತು. ಮುಚ್ಚಳದಲ್ಲಿ ಚಂದವಾಗಿ ದುಂಡಗಿದ್ದದ್ದು ನೀಲಿ ಬಿಲ್ಲೆಯೊಂದೇ. ಅದರ ಮೇಲೆ, ಅಂಚು ಮೀರದ ಹಾಗೆ, ಅರಿಶಿನ ಹಚ್ಚಿದೆ. ನಡುವೆ ಕುಂಕುಮವಿಟ್ಟೆ. ಅತ್ತೆ ನೋಡಿ, "ಎಷ್ಟು ಅಚ್ಚುಕಟ್ಟು ನೋಡ್ರಿ ಹುಡುಗಿ ಕೈ," ಎಂದರು. ನನ್ನನ್ನು ಹೊಗಳುವವರು ಕಡಿಮೆ. ಸಂತೋಷಕ್ಕೆ ಇನ್ನೊಂದು ಸುತ್ತು ದಪ್ಪಗೆ ಹಚ್ಚಿದೆ. ನೀಲಿ ಚೂರೂ ಕಾಣದಂತಾಯಿತು. ಅದನ್ನೂ ಗಮನಿಸಿದೆ, ತೃಪ್ತಿಯಿಂದ.

ಮಾಮ ಕಾಯಿ ಒಡೆದು ಸ್ವಿಚ್ ಹಾಕಿದರು.

ಕೂಲರ್ರು ಕೆಮ್ಮಿ, ನಡುಗಿ, ತಂಪು ಗಾಳಿ ಬಿಟ್ಟಿತು. ಗಾಳಿಯ ಜತೆ ಸಬ್ಬಕ್ಕಿ ಕಾಳಿನಂತಹ ಗುಳ್ಳೆಗಳು ಸಾಲಾಗಿ ಹೊರಬಂದವು. ಮೊದಲು ಮುಚ್ಚಳಕ್ಕೆ ಹೋಗಿ ಅರಿಶಿನವನ್ನು ಮೂಸಿ ನೋಡುವ ಹಾಗೆ ಮುಟ್ಟಿದವು. ಆಮೇಲೆ ತಿರುಗಿ ಮಿರ್ಚಿ ತಟ್ಟೆಯ ಮೇಲೆ ಇಳಿದವು. ನೋಡನೋಡುತ್ತ ಒಂದೊಂದು ಗುಳ್ಳೆಯೂ ಬೋರೆಹಣ್ಣಿನ ಗಾತ್ರಕ್ಕೆ ಉಬ್ಬಿ, ಬಂಗಾರದ ಬಣ್ಣಕ್ಕೆ ತಿರುಗಿ, ಡ್ರಮ್ಮಿಗೆ ಹಾರಿತು. ಅರಿಶಿನಕ್ಕೆ ತಗುಲಿದ್ದೇ ಪಟ್ಟನೆ ಒಡೆದು ಎಣ್ಣೆಯನ್ನು ಸುರಿಯಿತು.

ಮಾಮನ ಕಣ್ಣಲ್ಲಿ ನೀರು. ಅತ್ತೆ ಕೂಡ ಸೊಂಟದ ಮೇಲಿನ ಕೈ ಇಳಿಸಿದರು.

ಮಾಮ ಎಣ್ಣೆ ಇಲ್ಲದ ಮಿರ್ಚಿಯನ್ನು ಎತ್ತಿ ಕಚ್ಚಿದರು. ಹೆಂಚು ಒಡೆದಂತಹ ಸದ್ದಾಯಿತು. ಅವರು ಬಹಳ ಹೊತ್ತು ಅಗಿದರು.

"ಹೆಂಗೈತೆ?" ಎಂದರು ಅತ್ತೆ.

"ಆರೋಗ್ಯವಾಗೈತೆ," ಎಂದರು ಮಾಮ, ಹಲ್ಲು ಅಲ್ಲಾಡುತ್ತಿದೆಯೇ ಎಂದು ನಾಲಗೆಯಲ್ಲಿ ನೋಡಿಕೊಳ್ಳುತ್ತ.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಹೊರಗೆ ತೆಗೆದರು. "ಇದಕ್ಕಿಂತ ನನ್ನ ಸೋರೆಕಾಯಿಗೆ ಜೀವ ಐತೆ. ನೀವು ಸೋತ್ರಿ."

"ಎಣ್ಣೆ ಎತ್ತಬೇಕು ಅಂತ ಪಂದ್ಯ. ರುಚಿ ಮಾತೇ ಬಂದಿಲ್ಲ. ಬಸಮ್ಮ, ಹೇಳು, ರುಚಿ ಮಾತು ಬಂತೇನು?"

ಇಬ್ಬರೂ ನನ್ನ ಕಡೆ ತಿರುಗಿದರು. ತಿರುಗಿ ಹಾಗೇ ನಿಂತರು.

"ಇವಳ ತಲೆ ಯಾಕೆ ತೆಂಗಿನ ನಾರಾಗೈತೆ?" ಎಂದರು ಅತ್ತೆ.

ಹುಟ್ಟಿದಾಗಿನಿಂದ ಮೊದಲು ಅವ್ವ, ಆಮೇಲೆ ಅತ್ತೆ ನನ್ನ ತಲೆಗೆ ತಿಕ್ಕಿದ್ದ ಕೊಬ್ಬರಿ ಎಣ್ಣೆಯನ್ನು ಗುಳ್ಳೆಗಳು ಸದ್ದಿಲ್ಲದೆ ಎತ್ತುತ್ತಿದ್ದವು. ಜಡೆ ತಾನಾಗಿ ಬಿಚ್ಚಿಕೊಂಡು ಕೂದಲೆಲ್ಲ ಪೊರಕೆಯಂತೆ ನೆಟ್ಟಗೆ ನಿಂತಿತ್ತು. ನಾನು ಆಗಿನಿಂದ ಮಾಮ, ಮಾಮ ಎನ್ನುತ್ತಲೇ ಇದ್ದೆ. ಎಂದಿನಂತೆ ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ದೇವರ ಮನೆಯ ದೀಪ ಆರಿತು. ಬತ್ತಿ ಇತ್ತು, ಎಣ್ಣೆ ಇರಲಿಲ್ಲ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಯಿಂದ ಕೆಂಪು ಗುಳ್ಳೆಗಳು ಇಳಿದುಬಂದವು. ಕಿಟಕಿ ತೆರೆದೇ ಇತ್ತು. ಕಿಟಕಿ ಹಾಕಿ ಎಂದು ನಾನು ಹೇಳಿದೆ. ಗುಳ್ಳೆಗಳ ಹೊರತು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವು ಅವಸರ ಅವಸರವಾಗಿ ಹೊರಗೆ ಹೋದವು.

ಸ್ವಲ್ಪ ಹೊತ್ತಿಗೆ ಓಣಿಯ ಕೆಳಗಿನ ತುದಿಯಿಂದ ದುರುಗಪ್ಪ ಏದುಸಿರು ಬಿಡುತ್ತ ಓಡಿಬಂದ. ನಮ್ಮ ಹೊಸ್ತಿಲ ಮೇಲೆ ಕಾಲಿಟ್ಟವನು ಸರ್ರನೆ ಜಾರಿ, ನಡುಮನೆ ದಾಟಿ, ಮಾಮನ ಪಾದಕ್ಕೆ ಬಂದು ತಲೆ ಮುಟ್ಟಿಸಿದ.

"ಏಳಪ್ಪ, ಏಳು. ಇಷ್ಟೆಲ್ಲ ಯಾಕೆ," ಎಂದರು ಮಾಮ. ಯಂತ್ರಕ್ಕೆ ಸಿಕ್ಕ ಮೊದಲ ಗೌರವ ಎಂದುಕೊಂಡರು.

"ಕೊಟ್ರೇಶಣ್ಣ, ನನ್ನ ಬಾಣ್ಲಿ ಎಣ್ಣೆ ಹೋತು."

"ಉರಿ ಜಾಸ್ತಿ ಇಟ್ಟಿದ್ದೀಯ. ಆವಿ ಆಗಿರ್ಬೇಕು."

"ಆವಿ ಆಗಿಲ್ಲಣ್ಣ. ಎದ್ದು, ಸಾಲಾಗಿ, ನಿಮ್ಮ ಮನೆ ಕಡಿಗೆ ಬಂತು. ನಾನು ಹಿಂದಿಂದೆ ಬಂದೀನಿ. ಸಂಜೆ ಗಿರಾಕಿ ಎಲ್ಲ ತಟ್ಟೆ ಹಿಡ್ಕೊಂಡು ನಿಂತಾರೆ, ಬಜ್ಜಿ ಬಾಣ್ಲಿ ತಳಕ್ಕೆ ಕೂತೈತೆ, ಬತ್ತಿದ ಕೆರೆಯಾಗಿನ ಮೀನಿದ್ದಂಗೆ."

ಅವನ ಹಿಂದೆಯೇ ಎದುರುಮನೆಯ ಗೌರವ್ವ ಬಾಗಿಲಿಗೆ ಬಂದು ನಿಂತರು. ಅವರ ಎರಡು ಕೆನ್ನೆಗಳೂ ಹೊಸ ಹಿತ್ತಾಳೆ ಚೊಂಬಿನಂತೆ ಫಳಫಳಿಸುತ್ತಿದ್ದವು. ಗದ್ದದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಹಾಲಮ್ಮ, ನಿನ್ನ ಗಂಡಗೆ ಈ ವಯಸ್ಸಲ್ಲಿ ಹೆಂಗಸರ ಕೆನ್ನೆ ಮುಟ್ಟೋ ಯಂತ್ರ ಯಾಕೆ ಬೇಕಿತ್ತು ಅಂತ ಕೇಳು. ಒರೆಸಿದಷ್ಟೂ ಬಂದು ಕೂರ್ತಾವೆ. ಮೈಯೆಲ್ಲ ಮಿರ್ಚಿ ವಾಸ್ನೆ."

"ಅದು ನಂದು," ಎಂದ ದುರುಗಪ್ಪ ಆಸೆಯಿಂದ ಗೌರವ್ವನ ಕೆನ್ನೆ ನೋಡುತ್ತ.

ಎಲ್ಲರೂ ಗೋಡೆ ಹಿಡಿದುಕೊಂಡು ಹೊರಗೆ ಬಂದೆವು. ಓಣಿಯ ಪ್ರತಿ ಹೊಸ್ತಿಲೂ ಎಣ್ಣೆಯಲ್ಲಿ ಮುಳುಗಿತ್ತು. ನಿಂತಿದ್ದ ಸ್ಕೂಟರುಗಳ ಮೂತಿಯಿಂದ ಎಣ್ಣೆ ಸುರಿಯುತ್ತಿತ್ತು. ಜಗಲಿಯ ಮೇಲಿನ ಒರಳುಕಲ್ಲು ಅಭ್ಯಂಜನಕ್ಕೆ ಕೂತಂತಿತ್ತು. ನಾನು ಯೋಚಿಸಿ, ಈ ಗುಳ್ಳೆಗಳಿಗೆ ಸ್ಕೂಟರೆಂದರೆ ಬಹಳ ಇಷ್ಟ ಎಂಬ ತೀರ್ಮಾನಕ್ಕೆ ಬಂದೆ. ಮಾಮ ಹೊಸ್ತಿಲು ನೋಡಿದರು, ಸ್ಕೂಟರು ನೋಡಿದರು, ಗೌರವ್ವನ ಕೆನ್ನೆ ನೋಡಿ ಬೇಗ ಕಣ್ಣು ತೆಗೆದರು.

"ಅರಿಶಿನ," ಎಂದರು. "ಎಲ್ಲೆಲ್ಲಿ ಅರಿಶಿನ ಕುಂಕುಮ ಐತೋ ಅಲ್ಲೆಲ್ಲ ಹೋಗ್ತಿದಾವೆ. ಅದೇ ಮನೆ ಅಂತ ಕಲಿತಾವೆ."

ಎಲ್ಲರೂ ಮೆಲ್ಲಗೆ ನನ್ನ ಕಡೆ ನೋಡಿದರು. ನನಗೆ ಇಷ್ಟು ಜನ ಒಟ್ಟಿಗೆ ನೋಡಿದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಕಿಟಕಿಯಿಂದ ಒಳಗೆ ಡ್ರಮ್ಮಿನ ಮುಚ್ಚಳ ನೋಡಿದೆ. ಕುಂಕುಮ ಇನ್ನೂ ದುಂಡಗೇ ಇತ್ತು.

"ಸುಲಭ," ಎಂದರು ಮಾಮ. "ಎಲ್ರೂ ಹೊಸ್ತಿಲು ಒರೆಸ್ಕೊಳ್ರಿ."

"ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಹೊಸ್ತಿಲ ಅರಿಶಿನ ಒರೆಸಾದಾ?" ಎಂದರು ಗೌರವ್ವ. "ನಿನ್ನ ಮನೇದು ಮೊದಲು ಒರೆಸು ನೋಡಾನ."

ಮಾಮ ಅತ್ತೆಯ ಮುಖ ನೋಡಿದರು. ಅತ್ತೆ ನಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಮಾಮ ಆ ಮಾತು ಬಿಟ್ಟರು.

ಯಂತ್ರವನ್ನೇ ಆರಿಸೋಣವೆಂದು ಒಳಗೆ ಹೋದರೆ ಅದರ ಸ್ವಿಚ್ಚು ಎಣ್ಣೆಯಲ್ಲಿ ಮುಳುಗಿತ್ತು. ಮೇನ್ ಸ್ವಿಚ್ಚಿನ ಮೇಲೆ ಅತ್ತೆ ಆಯುಧ ಪೂಜೆಗೆ ಇಟ್ಟಿದ್ದ ಬೊಟ್ಟು ಇನ್ನೂ ಇದ್ದುದರಿಂದ ಅಲ್ಲಿ ಎಣ್ಣೆ ಹೊಳೆಯೇ ಹರಿಯುತ್ತಿತ್ತು. ಮಾಮ ಹಿಡಿದಷ್ಟು ಸಲವೂ ಅದರ ಹಿಡಿಕೆ ಮೀನಿನಂತೆ ನುಣುಚಿಕೊಂಡಿತು. ಕೊನೆಗೆ ಅವರು ಯಂತ್ರದ ಎದುರಿನ ಗುಂಡಿಯನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿದರು.

"ಎಡಕ್ಕೆ ಏನೈತೆ?" ಎಂದರು ಅತ್ತೆ.

"ಹಂಚೋ ಗಾಡಿ. ಎತ್ತಿದ್ದನ್ನೆಲ್ಲ ವಾಪಸ್ ಕೊಟ್ಟುಬಿಡ್ತೈತೆ. ಎಲ್ಲರ ಎಣ್ಣೆ ಎಲ್ಲರ ಮನೆಗೆ."

ಕೂಲರ್ರು ಇನ್ನೊಮ್ಮೆ ಕೆಮ್ಮಿತು. ಡ್ರಮ್ಮಿನಿಂದ, ಹೊಸ್ತಿಲುಗಳಿಂದ, ಸ್ಕೂಟರುಗಳಿಂದ ಗುಳ್ಳೆಗಳು ಎದ್ದವು. ಅರಿಶಿನದ ಗೊಡವೆ ಬಿಟ್ಟು ತೆರೆದ ಬಾಗಿಲುಗಳಿಗೆಲ್ಲ ನುಗ್ಗಿದವು. ಆದರೆ ಯಾವ ಎಣ್ಣೆ ಯಾರದು ಎಂದು ಅವುಗಳಿಗೆ ಯಾರು ಹೇಳಬೇಕು? ದುರುಗಪ್ಪನ ಎಣ್ಣೆ ಗೌರವ್ವನ ಮೊಸರಿನ ಗಡಿಗೆಗೆ ಬಿತ್ತು. ನನ್ನ ಕೊಬ್ಬರಿ ಎಣ್ಣೆ ಯಾರದೋ ಸಾರಿನಲ್ಲಿ ತೇಲಿತು. ದರ್ಜಿ ಮನೆಯ ಹೊಲಿಗೆ ಮಿಷನ್ನಿಗೆ ಉಪ್ಪಿನಕಾಯಿ ಎಣ್ಣೆ ಹೋಯಿತು. ಒಂದು ಸುತ್ತು, ಎರಡು ಸುತ್ತು ಜನ ತಡೆದುಕೊಂಡರು. ಆಮೇಲೆ ಧಡ್ ಧಡ್ ಎಂದು ಬಾಗಿಲುಗಳು ಮುಚ್ಚತೊಡಗಿದವು. ಕಿಟಕಿಗಳೂ ಮುಚ್ಚಿದವು. ಹೊಗೆಗಂಡಿಗಳಿಗೆ ಹಳೆ ಸೀರೆ ತುರುಕಿದರು.

ಬೇಡವೆನಿಸಿಕೊಂಡ ಗುಳ್ಳೆಗಳು ಓಣಿಯಲ್ಲಿ ಅಲೆದವು. ಬಾಗಿಲಿಂದ ಬಾಗಿಲಿಗೆ ಹೋಗಿ ಬಡಿದು ನೋಡಿದವು. ನನಗೆ ಅವುಗಳನ್ನು ಕಂಡು ಪಾಪವೆನಿಸಿತು. ನಾನೂ ಹಾಗೆಯೇ, ಯಾರ ಮನೆಗೆ ಕೆಲಸದ ಮೇಲೆ ಹೋದರೂ ಬಾಗಿಲ ಹೊರಗೆ ನಿಂತು, ಕರೆಯಲು ಧ್ವನಿ ಬರದೆ, ಸುಮ್ಮನೆ ಮನೆಗೆ ವಾಪಸು ಬರುವವಳು. ಆದರೆ ನಾನು ಗೋಡೆಗೆ ಅಂಟಿಕೊಂಡಿದ್ದಿಲ್ಲ. ಅವು ಅಂಟಿಕೊಂಡವು. ಒಂದರ ಮೇಲೊಂದು, ಅದರ ಮೇಲೆ ಮತ್ತೊಂದು. ಎರಡೂ ಕಡೆಯ ಗೋಡೆಗಳು ಹಳದಿ ಮೇಣದಂತೆ ದಪ್ಪವಾಗುತ್ತ ಒಳಗೆ ಬಂದವು. ಸ್ಕೂಟರು ಹೋಗುತ್ತಿದ್ದ ಕಡೆ ಸೈಕಲ್ಲು ಮಾತ್ರ ಹೋಗುವಂತಾಯಿತು. ಆಮೇಲೆ ಸೈಕಲ್ಲೂ ಇಲ್ಲ.

"ನೋಡ್ರಿ, ನೋಡ್ರಿ," ಎಂದು ಮಾಮ ಜಗಲಿಯ ಮೇಲೆ ಕುಣಿದಾಡಿದರು. "ರಕ್ತನಾಳದಾಗೆ ಆಗೋದು ಪಕ್ಕಾ ಹಿಂಗೇ!"

"ಓಣಿಗೇ ಹಾರ್ಟ್ ಅಟ್ಯಾಕು ತರ್ಸಿದ್ಯಲ್ಲೋ," ಎಂದರು ಗೌರವ್ವ ಮುಚ್ಚಿದ ಬಾಗಿಲ ಹಿಂದಿನಿಂದ.

"ನನ್ನ ಎಣ್ಣೆ ಗೋಡೆ ಮೇಲೈತೆ," ಎಂದ ದುರುಗಪ್ಪ. "ಮಿರ್ಚಿ ಎಲ್ಲಿ ಕರೀಲಿ, ಗೋಡೆಗೆ ಬಡಿದೇನು?"

ಅತ್ತೆ ಮಾತ್ರ ಒಳಗೆ ಹೋಗಿ ಗುಜರಿಯವನಿಗೆ ಹಾಕಲು ಇಟ್ಟಿದ್ದ ಗೋಣಿಚೀಲವನ್ನು ತಂದು ಯಂತ್ರದ ಪಕ್ಕದಲ್ಲಿಟ್ಟರು. ಮಾಮನ ಕುಣಿತ ನಿಂತಿತು. ಆ ಚೀಲದಲ್ಲಿ ಅವರಿಗೆ ಯಂತ್ರವೊಂದೇ ಅಲ್ಲ, ಬದುಕಿನಲ್ಲಿ ಬರಬೇಕಾಗಿದ್ದ ಮಿರ್ಚಿಗಳೆಲ್ಲ ಕಂಡಿರಬೇಕು. ನನಗೂ ಕಂಡವು.

"ಒಂದು ದಾರಿ ಐತೆ ಹಾಲಮ್ಮ," ಎಂದರು ಮಾಮ ತಗ್ಗಿದ ದನಿಯಲ್ಲಿ. "ಮತ್ತೆ ಎತ್ತೋ ಗಾಡಿಗೆ ತಿರುಗಿಸಾನ. ಆದರೆ ಊರ ತುಂಬ ಸಣ್ಣಸಣ್ಣ ಅರಿಶಿನ ಇದ್ರೆ ಮತ್ತೆ ಅದೇ ಕತೆ. ಎಲ್ಲಕ್ಕಿಂತ ದೊಡ್ಡ ಅರಿಶಿನ ಒಂದು ಬೇಕು. ಒಂದು ಬಕೆಟ್ ಅರಿಶಿನದ ನೀರು ದುರುಗಪ್ಪನ ಖಾಲಿ ಎಣ್ಣೆ ಡಬ್ಬಿಗೆ ಸುರಿದ್ರೆ ಎಲ್ಲ ಅಲ್ಲಿಗೇ ಹೋಗ್ತಾವೆ."

"ಸುರೀರಿ," ಎಂದ ದುರುಗಪ್ಪ. "ಡಬ್ಬಿ ಹಿಡ್ಕೊಂಡು ನಾನು ಕೆಳಗೆ ನಿಂತಿರ್ತೀನಿ." ಅವನು ಅಡ್ಡಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು, ಕಿರಿದಾದ ಓಣಿಯಲ್ಲಿ ಹೇಗೋ ನುಸುಳಿ ಹೋದ.

ಗುಂಡಿ ಎಣ್ಣೆಯಲ್ಲಿ ಜಾರುತ್ತಿತ್ತು. ಮಾಮನಿಂದ ತಿರುಗಲಿಲ್ಲ. ಅತ್ತೆ ಅಡುಗೆಮನೆಗೆ ಹೋಗಿ, ಕಡಲೆಹಿಟ್ಟಿನ ಡಬ್ಬಿಯ ಬಟ್ಟೆ ಬಿಚ್ಚಿ, ಎರಡೂ ಅಂಗೈಗೆ ಹಿಟ್ಟು ಬಳಿದುಕೊಂಡು ಬಂದರು. ಮಾಮ ಆ ಡಬ್ಬಿ ತೆರೆದ ಸದ್ದನ್ನೇ ಕಣ್ಣುಮುಚ್ಚಿ ಕೇಳಿದರು. ಹಿಟ್ಟಿನ ಕೈಗೆ ಗುಂಡಿ ಒಂದೇ ಪಟ್ಟಿಗೆ ತಿರುಗಿತು. ಆದರೆ ಕೈ ಬಿಟ್ಟರೆ ಹಿಂದಕ್ಕೆ ಬರುತ್ತಿತ್ತು. ಅತ್ತೆ ಅದನ್ನು ಹಿಡಿದು ನಿಲ್ಲಬೇಕಾಯಿತು. ಮಾಮ ಕೂಲರ್ರಿಗೆ ನೀರು ಹೊಯ್ಯಬೇಕಿತ್ತು, ಗಾಳಿ ಒಣಗಿದರೆ ಗುಳ್ಳೆ ಒಡೆದು ಎಣ್ಣೆಯೆಲ್ಲ ಗೋಡೆಯಲ್ಲೇ ಉಳಿಯುತ್ತದಂತೆ. ಗೌರವ್ವ ಬಾಗಿಲು ತೆಗೆಯುವವರಲ್ಲ. ಉಳಿದದ್ದು ನಾನು.

"ಬಸಮ್ಮ, ಓಡು," ಎಂದರು ಅತ್ತೆ.

ವರ್ಷಕ್ಕೆಂದು ಇಟ್ಟಿದ್ದ ಅರಿಶಿನದ ಪುಡಿಯನ್ನೆಲ್ಲ ಬಕೆಟ್ಟಿಗೆ ಸುರಿದು ಕಲಕಿ ಹೊರಟೆ. ಎಲ್ಲರ ಕಿಟಕಿಯ ಸಂದಿಯಲ್ಲೂ ಕಣ್ಣುಗಳಿದ್ದವು. ಈ ಓಣಿಯಲ್ಲಿ ನಾನು ಯಾವಾಗಲೂ ಗೋಡೆಯ ಪಕ್ಕಕ್ಕೆ ನಡೆಯುವವಳು. ಇಂದು ಪಕ್ಕವೇ ಇರಲಿಲ್ಲ. ನಟ್ಟನಡುವೆ, ಪೊರಕೆಯಂತಹ ತಲೆ ಹೊತ್ತು, ಬಕೆಟ್ ಹಿಡಿದು ನಡೆದೆ. ನಮ್ಮ ಓಣಿ ಕೆಳಕ್ಕೆ ಇಳಿಜಾರು ಎಂಬುದನ್ನು ನಾನು ಬಂದ ದಿನವೇ ಗಮನಿಸಿದ್ದೆ. ನೆಲದ ಮೇಲೆ ಎಣ್ಣೆ ಇರುವುದನ್ನೂ ಗಮನಿಸಿದೆ. ಎರಡನ್ನೂ ಸೇರಿಸಿ ಯೋಚಿಸುವಷ್ಟರಲ್ಲಿ ಕಾಲು ಜಾರಿತು.

ಬಕೆಟ್ಟು ಮೇಲಕ್ಕೆ ಹೋಯಿತು. ನಾನು ಕೆಳಕ್ಕೆ ಬಂದೆ. ಆಮೇಲೆ ಬಕೆಟ್ಟೂ ಕೆಳಕ್ಕೆ ಬಂತು, ನನ್ನ ತಲೆಯ ಮೇಲೇ.

ನೆತ್ತಿಯಿಂದ ಹಿಮ್ಮಡಿಯವರೆಗೆ ಅರಿಶಿನ. ಮದುವೆಯಾಗುವ ಹುಡುಗಿಗೂ ಅಷ್ಟು ಹಚ್ಚುವುದಿಲ್ಲ. ಒಂದು ಕ್ಷಣ ಓಣಿಯಲ್ಲಿ ಏನೂ ಅಲುಗಲಿಲ್ಲ. ಆಮೇಲೆ ಎರಡು ಗೋಡೆಗಳೂ ಒಟ್ಟಿಗೆ ಉಸಿರೆಳೆದಂತಾಗಿ, ಇಡೀ ಓಣಿಯ ಗುಳ್ಳೆಗಳು ನನ್ನತ್ತ ತಿರುಗಿದವು. ಹೊಸ್ತಿಲುಗಳು ಬರಿದಾದವು. ಗೌರವ್ವನ ಕೆನ್ನೆಗಳು ಒಣಗಿದವು. ನನ್ನನ್ನು ಹುಡುಕಿಕೊಂಡು ಇಷ್ಟು ಜನ, ಜನವಲ್ಲ, ಇಷ್ಟು ಏನೋ ಬಂದದ್ದು ಅದೇ ಮೊದಲು. ಬೇರೆ ಸಂದರ್ಭವಾಗಿದ್ದರೆ ಸಂತೋಷಪಡುತ್ತಿದ್ದೆ.

ಒಂದೊಂದು ಗುಳ್ಳೆ ಒಡೆದಾಗಲೂ ನಾನು ಇನ್ನಷ್ಟು ನುಣುಪಾದೆ. ಕೂತಲ್ಲೇ ಜಾರತೊಡಗಿದೆ. ಮೊದಲು ಮೆಲ್ಲಗೆ, ಆಮೇಲೆ ಸೈಕಲ್ಲಿನಷ್ಟು, ಆಮೇಲೆ ಯಾವುದರಷ್ಟು ಎಂದು ನೋಡಲು ಕಣ್ಣು ತೆರೆದಿರಲಿಲ್ಲ. ಆಗ ನನ್ನ ಗಂಟಲಿನಿಂದ ಒಂದು ಸದ್ದು ಹೊರಟಿತು. ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಬಹುಶಃ ಗಂಟಲಿಗೂ ಎಣ್ಣೆ ಬಿದ್ದಿತ್ತು.

"ದಾರಿ ಬಿಡ್ರೀ!"

ಮುಚ್ಚಿದ್ದ ಬಾಗಿಲುಗಳು ಒಮ್ಮೆಗೇ ತೆರೆದವು. ಡಬ್ಬಿ ಹಿಡಿದು ನಿಂತಿದ್ದ ದುರುಗಪ್ಪ ಪಕ್ಕಕ್ಕೆ ಹಾರಿದ. ಅವನ ಅಂಗಡಿಯ ಎದುರಿನ ಮೆಟ್ಟಿಲಿಲ್ಲದ ಬಾಗಿಲಿನೊಳಗೆ ನಾನು ನುಗ್ಗಿ, ಕಾದು ಕೂತ ರೋಗಿಗಳ ಕಾಲುಗಳ ನಡುವೆ ಹಾದು, ಡಾಕ್ಟರ್ ರೇವಣಸಿದ್ದಯ್ಯನವರ ಮೇಜಿನ ಕಾಲಿಗೆ ತಗುಲಿ ನಿಂತೆ.

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹಳದಿ, ಎಣ್ಣೆ, ಬಾಗಿಲಲ್ಲಿ ಇನ್ನೂ ಸರತಿಯಲ್ಲಿ ಒಳಗೆ ಬರುತ್ತಿದ್ದ ಗುಳ್ಳೆಗಳು.

"ರಕ್ತ ಪರೀಕ್ಷೆ ಬೇಕಾಗಿಲ್ಲ," ಎಂದರು. "ಹೊರಗಿಂದಲೇ ಕಾಣ್ತಿದೆ."

ಎಣ್ಣೆ ಇಳಿದು ಕೈಗೆ ಸಿಕ್ಕ ಮೇನ್ ಸ್ವಿಚ್ಚನ್ನು ಆರಿಸಿ, ಗೋಡೆ ಹಿಡಿದು ಹಿಡಿದು ಅತ್ತೆ ಬಂದರು. ಹಿಂದೆ ಮಾಮ. ಅತ್ತೆ ಹಿಟ್ಟಿನ ಕೈಯಲ್ಲಿ ನನ್ನ ಮುಖ ಒರೆಸುತ್ತ, "ಎಲ್ಲಾದ್ರೂ ನೋವಾಯ್ತೇನೇ? ಏನು ಬೇಕು? ನೀರು ಕುಡೀತೀಯಾ?" ಎಂದರು. ಗಂಟಲು ಇನ್ನೂ ಮುಚ್ಚಿಕೊಂಡಿರಲಿಲ್ಲ. ಈಗಲ್ಲದಿದ್ದರೆ ಇನ್ನೆಂದೂ ಇಲ್ಲವೆಂದು ಅದು ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು.

"ಮಿರ್ಚಿ."

ಹೊರಗಿನ ರೋಗಿಗಳಿಗೆಲ್ಲ ಕೇಳಿಸಿತು. ಮಾಮ ನನ್ನನ್ನು ನೋಡಿದ ರೀತಿಯಲ್ಲಿ ಜನ ದೇವರನ್ನು ನೋಡುತ್ತಾರೆ.

"ನಿನಗೂ ಬೇಕಿತ್ತೇನು?" ಎಂದರು ಅತ್ತೆ. "ಇಷ್ಟು ದಿನ ಹೇಳ್ಬಾರದಿತ್ತಾ?"

"ಹೇಳಿದ್ದೆ," ಎಂದೆ.

ಅತ್ತೆ ಡಾಕ್ಟರ ಕಡೆ ತಿರುಗಿದರು. "ಇವರಿಗೆ ಎಣ್ಣೆ ನಿಲ್ಸಿ ಅಂದಿದ್ರಲ್ಲ ಸಾರ್..."

"ಕಡಿಮೆ ಮಾಡಿ ಅಂದಿದ್ದೆ ತಾಯಿ."

"ಇವರ ಲೆಕ್ಕದಾಗೆ ಕಡಿಮೆ ಅಂದ್ರೆ ತಟ್ಟೆ ಚಿಕ್ಕದು ಮಾಡ್ಕೊಂಡು ರಾಶಿ ಎತ್ತರ ಮಾಡೋದು."

"ಹೋದ ಸಲದ ರಿಪೋರ್ಟು ಚೆನ್ನಾಗಿದೆ. ಅದು ನಿಮ್ಮ ಸೋರೆಕಾಯಿಯಿಂದ, ಯಾವ ಯಂತ್ರದಿಂದಲೂ ಅಲ್ಲ. ದಿನಾ ನಡೀಲಿ, ಮಾತ್ರೆ ಬಿಡದಿರಲಿ. ಭಾನುವಾರಕ್ಕೊಂದು ಮಿರ್ಚಿ ತಿನ್ನಲಿ. ಒಂದು," ಎಂದು ಬೆರಳೆತ್ತಿ ತೋರಿಸಿದರು. "ಈಗ ಈ ಹುಡುಗೀನ ಯಾರಾದ್ರೂ ಎತ್ಕೊಳ್ಳಿ, ಮುಂದಿನ ಪೇಷೆಂಟು ಜಾರ್ತಾರೆ."

ಎತ್ತಿಕೊಳ್ಳಲು ಯಾರ ಕೈಗೂ ಸಿಗದೆ ನಾನು ಮೂರು ಸಲ ಬಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ. ದುರುಗಪ್ಪ ಮಾತ್ರ ಡಬ್ಬಿಯನ್ನು ನನ್ನ ಕೂದಲಿನ ಕೆಳಗೆ ಹಿಡಿದು ಬಹಳ ಹೊತ್ತು ಯೋಚಿಸಿ, ಕೊನೆಗೆ ಬೇಡವೆಂದು ತೀರ್ಮಾನಿಸಿದ. ಅವನಿಗೆ ಹೊಸ ಎಣ್ಣೆಯನ್ನು ಮಾಮನೇ ಕೊಡಿಸಿದರು.

ಯಂತ್ರ ಸೋತಿತೆಂದು ಸಾಕ್ಷಿಯಾಗಿ ನಾನು ಈ ಸಲ ಬಾಯಿಬಿಟ್ಟು ಹೇಳಿದೆ. ತಿರುಗುವ ಮಿಷನ್ನು, ಬಾಟಲಿ, ಡ್ರಮ್ಮು ಗೋಣಿಚೀಲ ಸೇರಿದವು. ಬೇಸಿಗೆಯಾದ್ದರಿಂದ ಕೂಲರ್ರನ್ನು ಅತ್ತೆ ಉಳಿಸಿಕೊಂಡರು.

ಭಾನುವಾರ ಸಂಜೆ ಬಾಣಲೆ ಅಟ್ಟದಿಂದ ಇಳಿಯಿತು. ಸೀಗೆಕಾಯಿ, ಕಡಲೆಹಿಟ್ಟು, ಗೌರವ್ವ ಹೇಳಿದ ಇನ್ನೇನೇನೋ ಹಾಕಿ ನನ್ನ ಮೈ ತಿಕ್ಕಿದರೂ ಎಣ್ಣೆಯ ಜತೆ ಒಳಗಿಳಿದಿದ್ದ ಅರಿಶಿನ ಹೋಗಿರಲಿಲ್ಲ. ನಾನು ಹಳದಿ ಬೆರಳುಗಳಲ್ಲೇ ನನ್ನ ಪಾಲಿನ ಮಿರ್ಚಿ ಹಿಡಿದು ಕೂತೆ. ಮಾಮ ತಮ್ಮ ಒಂದೇ ಒಂದು ಮಿರ್ಚಿಯನ್ನು ತಟ್ಟೆಯ ನಡುವೆ ಇಟ್ಟು, ಅವಸರ ಮಾಡಬಾರದೆಂದು, ಕಣ್ಣುಮುಚ್ಚಿ ಅದರ ವಾಸನೆ ಎಳೆದುಕೊಂಡರು.

ಆಗ ಕೂಲರ್ರಿನ ಹುಲ್ಲಿನ ಸಂದಿಯಿಂದ ಒಂದೇ ಒಂದು ಸಬ್ಬಕ್ಕಿ ಗುಳ್ಳೆ ಹೊರಬಂತು. ಅಡಗಿ ಕೂತಿತ್ತೋ, ದಾರಿ ತಪ್ಪಿತ್ತೋ. ಅದು ಮಾಮನ ಮಿರ್ಚಿಯ ಮೇಲೆ ಇಳಿದು, ನಿಧಾನವಾಗಿ ಬೋರೆಹಣ್ಣಿನಷ್ಟು ಉಬ್ಬಿ, ತೇಲುತ್ತ ಬಂದು ನನ್ನ ಹಳದಿ ಬೆರಳಿಗೆ ತಗುಲಿ, ನನ್ನ ಮಿರ್ಚಿಯ ಮೇಲೆ ಒಡೆಯಿತು.

ಮಾಮ ಕಣ್ಣುತೆರೆದು ಕಚ್ಚಿದರು. ಹೆಂಚು ಒಡೆದ ಸದ್ದು.

"ಬಸಮ್ಮ," ಎಂದರು, "ಇದ್ಯಾಕೋ ಒಣಗಿದಂಗೈತಲ್ಲ. ನೀನು ಎಲ್ಲ ಗಮನಿಸ್ತಿರ್ತೀಯ, ಏನಾದ್ರೂ ನೋಡಿದ್ಯೇನು?"

ನಾನು ಏನೂ ಹೇಳಲಿಲ್ಲ. ಈ ಸಲ ನಾಚಿಕೆಯಿಂದಲ್ಲ. ಬಾಯಿತುಂಬ ಮಿರ್ಚಿ ಇತ್ತು.